ಪಾತಿಯಲ್ಲಿ ಹುಟ್ಟಿದ ಗುರುತಿಲ್ಲದ ಗಿಡ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಗುರುವಂದನೆ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಶಾಲೆಗೆ 50 ವರ್ಷ ತುಂಬಿದ ಸಂಭ್ರಮದಲ್ಲಿ ನನ್ನನ್ನು ನೆನೆದು ಕರೆಸಿ, ಶಾಲು ಹೊದಿಸಿದ್ದೀರಿ. ನಿಮಗೆಲ್ಲ ಶರಣು. ಹತ್ತು ನಿಮಿಷ ವಿಜ್ಞಾನದ ಬಗ್ಗೆ ಏನಾದರೂ ಹೇಳಿ ಎಂದರು. ರಾಕೆಟ್ಟು, ಉಪಗ್ರಹದ ಮಾತನ್ನು ಈಗಿನ ಮೇಷ್ಟರು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಈ ಕಟ್ಟಡದ ಹಿಂದಿನ ಕೈತೋಟದ ಮಾತು ಹೇಳುತ್ತೇನೆ. ಅದರಲ್ಲಿ ನಾನು ತೀರಿಸದೆ ಉಳಿಸಿಕೊಂಡ ಒಂದು ಸಾಲವೂ ಇದೆ.

ನಾನು ಬಳ್ಳಾರಿ ಪಟ್ಟಣದಲ್ಲಿ ಹುಟ್ಟಿ ಬೆಳೆದವನು. ಕೋಟೆ ಗುಡ್ಡದ ನೆರಳಿನಲ್ಲಿ ಓದಿ, ಸಸ್ಯಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಮಾಡಿ ಮೇಷ್ಟ್ರಾದವನು. ಕುರುಗೋಡಿನ ಮೇಲೆ ಹಾಯ್ದು ಸಿರುಗುಪ್ಪದ ಕಡೆ ಬರುವ ಬಸ್ಸಿನಲ್ಲಿ ಎಷ್ಟೋ ವರ್ಷ ಓಡಾಡಿದೆ. ಕಿಟಕಿಯಿಂದ ಒಂದು ಕಡೆ ಎರೆ ಹೊಲ, ಇನ್ನೊಂದು ಕಡೆ ಕಾಲುವೆ ನೀರಿನ ಭತ್ತದ ಗದ್ದೆ ನೋಡುತ್ತಿದ್ದೆ. ನೋಡುತ್ತಿದ್ದೆ ಅಷ್ಟೆ, ಗುರುತಿಸುತ್ತಿರಲಿಲ್ಲ. ನನಗೆ ಎಲೆಯ ಅಡ್ಡ ಸೀಳಿಕೆಯ ಚಿತ್ರ ಬರೆಯಲು ಬರುತ್ತಿತ್ತು. ಬದುವಿನ ಮೇಲಿನ ಗಿಡದ ಹೆಸರು ಕೇಳಿದರೆ ಬರುತ್ತಿರಲಿಲ್ಲ.

ಹೈಸ್ಕೂಲಿಗೂ ಬಿಸಿಯೂಟ ಬಂದ ಮೇಲೆ ನಾವು ಕೈತೋಟ ಮಾಡಿದೆವು. ಮಕ್ಕಳು ತಟ್ಟೆ ತೊಳೆದ ನೀರು ಸುಮ್ಮನೆ ಹರಿದು ಹೋಗುತ್ತಿತ್ತು. ಅದನ್ನು ಕಾಲುವೆ ತೋಡಿ ಹಿಂದಕ್ಕೆ ತಿರುಗಿಸಿದೆವು. ಊರಿನ ಒಬ್ಬ ರೈತರು ಎರಡು ಬಂಡಿ ತಿಪ್ಪೆಗೊಬ್ಬರ ಹೊಡೆಸಿದರು. ಟೊಮ್ಯಾಟೊ, ಬದನೆ, ಬೆಂಡೆ, ರಾಜಗಿರಿ, ಪಾಲಕ್, ಒಂದು ಪಾತಿ ಗಜ್ಜರಿ ಹಾಕಿದೆವು. ಎಂಟು ದಿನದಲ್ಲಿ ಪಾತಿಯೆಲ್ಲ ಹಸಿರು. ನಮ್ಮ ಹಿಗ್ಗು ಹೇಳತೀರದು. ಆದರೆ ನಾವು ಹಾಕಿದ್ದಕ್ಕಿಂತ ಹಾಕದೆ ಇದ್ದದ್ದೇ ಹೆಚ್ಚು ಹುಟ್ಟಿತ್ತು. ಪೂರ್ತಿ ಕಳಿಯದ ತಿಪ್ಪೆಗೊಬ್ಬರದಲ್ಲಿ ಕಳೆಯ ಬೀಜ ಸಾಯುವುದಿಲ್ಲ. ಕುರಿ ದನದ ಹೊಟ್ಟೆ ಹಾಯ್ದು ಬಂದರೂ ಎಷ್ಟೋ ಬೀಜ ಮೊಳೆಯುತ್ತದೆ. ಕಾಲುವೆಯ ನೀರಿನಲ್ಲಿ, ಕೆರೆಯ ಹೂಳಿನಲ್ಲಿ ಇನ್ನಷ್ಟು ಬರುತ್ತದೆ. ಇದು ನಮಗೆ ಆಮೇಲೆ ತಿಳಿಯಿತು.

ಮೊದಲು ನಗೆಪಾಟಲಾದದ್ದನ್ನು ಹೇಳಿಬಿಡುತ್ತೇನೆ. ಗಜ್ಜರಿ ಪಾತಿಯಲ್ಲಿ ಸೀಳು ಸೀಳು ಎಲೆಯ ಸಸಿ ಎದ್ದವು. ಪುಸ್ತಕದಲ್ಲಿ ಗಜ್ಜರಿಯ ಎಲೆ ಸೀಳು ಎಂದಿದೆ. ಮಕ್ಕಳು ಸರದಿಯ ಮೇಲೆ ಮೂರು ವಾರ ನೀರು ಹಾಕಿದರು. ಆಮೇಲೆ ಬಿಳಿ ಹೂವು ಬಿಟ್ಟಾಗ ನೋಡಿದರೆ ಅದು ಕಾಂಗ್ರೆಸ್ ಗಿಡ, ಪಾರ್ಥೇನಿಯಂ! ಊರ ತುಂಬ ಇರುವ ಗಿಡವನ್ನೇ ಎಳೆಯದರಲ್ಲಿ ಗುರುತಿಸಲಿಲ್ಲ. ಈಗ ಹೇಳುತ್ತೇನೆ ಕೇಳಿ: ಗಜ್ಜರಿಯ ಎಲೆ ತಿಕ್ಕಿ ಮೂಸಿದರೆ ಗಜ್ಜರಿಯದೇ ವಾಸನೆ. ಪಾರ್ಥೇನಿಯಂ ಎಳೆಯದಿದ್ದಾಗ ಎಲೆಗಳನ್ನು ಸುತ್ತಲೂ ನೆಲಕ್ಕೆ ಹಚ್ಚಿ ಚಕ್ರದಂತೆ ಹರಡಿಕೊಂಡಿರುತ್ತದೆ, ಮೇಲೆ ಬೂದು ಬಣ್ಣದ ಸಣ್ಣ ರೋಮ ಇರುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಕೆಲವರಿಗೆ ತುರಿಕೆ, ಕೆಲವರಿಗೆ ಉಬ್ಬಸ ತರುತ್ತದೆ. ಹೂವು ಬಿಡುವ ಮೊದಲೇ ಬೇರು ಸಮೇತ ಕೀಳಬೇಕು, ಯಾಕೆಂದರೆ ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಅಮೆರಿಕ ಖಂಡದ ಈ ಗಿಡ ನಮ್ಮ ದೇಶದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು 1950ರ ದಶಕದ ಮಧ್ಯದಲ್ಲಿ, ಪುಣೆಯಲ್ಲಿ. ಅದನ್ನು ತಿನ್ನುವ ಒಂದು ಜೀರುಂಡೆಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಮೇಲೆ ಬಿಳಿ ಮೈಗೆ ಕಪ್ಪು ಗೆರೆ ಇರುವ ಹುಳ ಕಂಡರೆ ಕೊಲ್ಲಬೇಡಿ, ಅದು ನಮ್ಮ ಕಡೆಯದು.

ಇನ್ನು ನಗಲಾಗದ ಸಂಗತಿಗೆ ಬರುತ್ತೇನೆ.

ಮಳೆ ಬಿದ್ದ ಮೇಲೆ ಪಾತಿಯ ಅಂಚಿನಲ್ಲಿ ಗೋಣಿ ಸೊಪ್ಪು ಹಬ್ಬಿತು. ತೆಲುಗು ಮಾತಾಡುವ ಮನೆಯವರು ಅದಕ್ಕೆ ಗಂಗಪಾಯಲ ಎನ್ನುತ್ತಾರೆ. ಬೇಳೆಗೆ ಹಾಕಿದರೆ ಹುಳಿ ಹುಳಿಯಾಗಿ ರುಚಿ. ಅದು ತಿನ್ನುವ ಸೊಪ್ಪು ಎಂದು ನಾನು ಎಲ್ಲೋ ಓದಿದ್ದೆ. ಸರಿ, ನನ್ನ ಜಾಣತನ ತೋರಿಸುವ ಹೊತ್ತು ಬಂತು ಎಂದು ಎಂಟನೆಯ ತರಗತಿಯವರಿಗೆ ಕೊಯ್ಯಲು ಹೇಳಿದೆ. ಒಂದು ಬಕೆಟ್ಟು ತುಂಬಿತು. ಅಡುಗೆಯ ಅಕ್ಕನವರಿಗೆ ಕೊಟ್ಟು ಬನ್ನಿ, ಇವತ್ತಿನ ಸಾರಿಗೆ ಹಾಕಲಿ ಎಂದೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಬಕೆಟ್ಟಿನ ಹತ್ತಿರ ಕುಳಿತುಬಿಟ್ಟಳು.

“ಸಾರ್, ಇದೆಲ್ಲ ಗೋಣಿ ಸೊಪ್ಪಲ್ರಿ. ಬ್ಯಾರೆದೂ ಕಲತೈತ್ರಿ” ಎಂದಳು.

ನಾನು, “ಪುಸ್ತಕದಲ್ಲಿ ಇರುವುದನ್ನು ಮೊದಲು ಓದಮ್ಮ, ಆಮೇಲೆ ನನಗೆ ಹೇಳುವಿಯಂತೆ” ಎಂದೆ. ಮಕ್ಕಳು ನಕ್ಕರು. ಅವಳು ತಲೆ ಬಗ್ಗಿಸಿದಳು, ಆದರೆ ಏಳಲಿಲ್ಲ. ಬಕೆಟ್ಟಿನಿಂದ ಒಂದು ಕಡ್ಡಿ ಆರಿಸಿ ನನ್ನ ಕಣ್ಣೆದುರು ಮುರಿದಳು. ಬಿಳಿ ಹಾಲು ಒಸರಿತು. ಇನ್ನೊಂದು ಮುರಿದಳು. ಅದರಲ್ಲಿ ಬರೀ ನೀರು.

“ನೀರು ಬಂದಿದ್ದು ಗೋಣಿ ಸೊಪ್ಪು ರೀ. ಹಾಲು ಬಂದಿದ್ದು ತಿನ್ನಾಂಗಿಲ್ರಿ. ನಮ್ಮವ್ವ ಹೇಳ್ಯಾಳ್ರಿ.”

ಆ ಹಾಲಿನ ಗಿಡ ಯೂಫೋರ್ಬಿಯಾ ಕುಲದ್ದು. ನೆಲಕ್ಕೆ ಹತ್ತಿ ಹಬ್ಬುವ ಕೆಂಪು ಕಡ್ಡಿಯ ಗಿಡ. ಅದರ ಹಾಲು ಬಾಯಿ, ಹೊಟ್ಟೆ, ಕಣ್ಣು ಉರಿಸುವಂಥದು. ಅಂಥ ಕೆಲವನ್ನು ತಿಳಿದವರು ನಾಟಿ ಔಷಧಕ್ಕೆ ಬಳಸುವುದುಂಟು, ಸಾರಿಗಲ್ಲ. ಅವತ್ತು ಆ ಬಕೆಟ್ಟು ಅಡುಗೆ ಮನೆಗೆ ಹೋಗಿದ್ದರೆ ಏನಾಗುತ್ತಿತ್ತೋ. ಕೊಟ್ಟವನು ಸೈನ್ಸ್ ಮೇಷ್ಟ್ರು ಎಂದು ಅಡುಗೆಯವರೂ ಕೇಳದೆ ಹಾಕಿಬಿಡುತ್ತಿದ್ದರೇನೋ. ಬಕೆಟ್ಟನ್ನು ತಿಪ್ಪೆಗೆ ಸುರಿಸಿದೆ. ಹುಡುಗಿಗೆ “ಸರಿ, ಹೋಗು” ಎಂದೆ. ಅಷ್ಟೇ ಅಂದದ್ದು. ಅದೇ ತಿಂಗಳ ಕಿರುಪರೀಕ್ಷೆಯಲ್ಲಿ ಸಸ್ಯಗಳ ಪಾಠಕ್ಕೆ ನಾನು ಅವಳಿಗೆ 25ಕ್ಕೆ 9 ಅಂಕ ಕೊಟ್ಟಿದ್ದೆ.

ಆ ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಭಾನುವಾರ ಬಸ್ಸು ಹತ್ತಿ ಬಂದು ಅವಳ ತಾಯಿಯನ್ನು ಹುಡುಕಿಕೊಂಡು ಗದ್ದೆಗೆ ಹೋದೆ. ಆ ತಾಯಿ ಕಸ ತೆಗೆಯುವ ಕೂಲಿಗೆ ಹೋಗುತ್ತಿದ್ದರು. ಅಕ್ಷರ ಬರುತ್ತಿರಲಿಲ್ಲ. “ಅಕ್ಕ, ನನಗೆ ಗಿಡ ತೋರಿಸಿ” ಎಂದೆ. ಮೊದಲು ನಾಚಿಕೊಂಡರು, ಆಮೇಲೆ ತೋರಿಸುತ್ತಾ ಹೋದರು.

ಸಿರುಗುಪ್ಪದ ಕಡೆಯವರಿಗೆ ಗೊತ್ತು, ಭತ್ತದಲ್ಲಿ ಭತ್ತದ ಹಾಗೆಯೇ ಕಾಣುವ ಒಂದು ಹುಲ್ಲು ಬರುತ್ತದೆ. ಊದಲಿನ ಬಳಗದ್ದು. ಎಳೆಯದರಲ್ಲಿ ಅದನ್ನೂ ಭತ್ತವನ್ನೂ ಬೇರೆ ಮಾಡುವುದು ಕಷ್ಟ. ಆ ತಾಯಿ ನಿಂತ ನಿಲುವಿನಲ್ಲೇ ಕಿತ್ತು ಒಗೆಯುತ್ತಿದ್ದರು. ಹೇಗೆ ಎಂದರೆ “ಬುಡ ನೋಡ್ರಿ, ಕೆಂಪಗೈತಿ. ಎಲಿ ನುಣ್ಣಗೈತಿ” ಎಂದರು. ಎರಡನ್ನೂ ಮನೆಗೆ ತಂದು ಮಸೂರದಲ್ಲಿ ನೋಡಿದೆ. ಎಲೆ ಕಾಂಡವನ್ನು ಬಿಟ್ಟು ಬಾಗುವ ಮೂಲೆಯಲ್ಲಿ ಭತ್ತಕ್ಕೆ ನಾಲಗೆಯಂಥ ಒಂದು ಬಿಳಿ ಪೊರೆ ಇದೆ, ಪಕ್ಕದಲ್ಲಿ ಕಿವಿಯಂಥ ಎರಡು ಕೊಕ್ಕೆ ಇವೆ. ಆ ಹುಲ್ಲಿಗೆ ನಾಲಗೆಯೂ ಇಲ್ಲ, ಕಿವಿಯೂ ಇಲ್ಲ. ಕಾಲೇಜಿನಲ್ಲಿ ಈ ನಾಲಗೆಯ ಹೆಸರನ್ನು ಬಾಯಿಪಾಠ ಮಾಡಿದ್ದೆ. ಅದು ಯಾತಕ್ಕೆ ಬೇಕು ಎಂಬುದು ಆ ಗದ್ದೆಯಲ್ಲಿ ತಿಳಿಯಿತು.

ಆ ತಾಯಿಯಿಂದ ಕಲಿತದ್ದನ್ನೂ, ಪುಸ್ತಕದಲ್ಲಿದ್ದದ್ದನ್ನೂ ಸೇರಿಸಿ ಮಕ್ಕಳಿಗೆ ಒಂದು ಕ್ರಮ ಮಾಡಿಕೊಟ್ಟೆ. ಅದನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ.

ಮೊದಲನೆಯದು, ಬಿತ್ತುವಾಗ ಸಾಲಿನಲ್ಲಿ ಬಿತ್ತಿ. ಸಾಲು ಬಿಟ್ಟು ಹುಟ್ಟಿದ್ದರ ಮೇಲೆ ಅನುಮಾನ ಇರಲಿ. ಅದೇ ಬೀಜದಲ್ಲಿ ನಾಲ್ಕು ಕಾಳನ್ನು ಒಂದು ತೆಂಗಿನ ಚಿಪ್ಪಿನಲ್ಲಿ ಚೊಕ್ಕ ಮಣ್ಣು ಹಾಕಿ ಊರಿ ಇಟ್ಟುಕೊಳ್ಳಿ. ಬೀಜದೊಳಗಿಂದ ಬರುವ ಮೊದಲ ಎಲೆಗಳಿಗೂ ಆಮೇಲೆ ಬರುವ ಎಲೆಗಳಿಗೂ ಹೋಲಿಕೆಯೇ ಇರುವುದಿಲ್ಲ. ಚಿಪ್ಪಿನ ಸಸಿ ನಿಮಗೆ ಸಾಕ್ಷಿ. ಈ ಒಂದು ಕೆಲಸ ಮಾಡಿದ್ದರೆ ಕಾಂಗ್ರೆಸ್ ಗಿಡಕ್ಕೆ ಮೂರು ವಾರ ನೀರು ಹಾಕುತ್ತಿರಲಿಲ್ಲ.

ಎರಡನೆಯದು, ಕಾಂಡ ನೋಡಿ. ಬೆರಳಲ್ಲಿ ಉರುಳಿಸಿದರೆ ತಿಳಿಯುತ್ತದೆ. ತುಂಬೆ, ತುಳಸಿಯದು ನಾಲ್ಕು ಮೂಲೆ. ಜೇಕಿನದು ಮೂರು ಮೂಲೆ, ಹುಲ್ಲಿನದು ದುಂಡು. ಜೇಕು ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ನೆಲದೊಳಗೆ ಗಡ್ಡೆಯ ಸರವೇ ಇರುತ್ತದೆ. ಮೇಲೆ ಕಿತ್ತರೆ ಮತ್ತೆ ಬರುತ್ತದೆ. ಗುರುತು ತಪ್ಪಿದರೆ ದುಡಿಮೆಯೂ ದಂಡ.

ಮೂರನೆಯದು, ಎಲೆ ಕೂತಿರುವ ರೀತಿ. ಒಂದಾದ ಮೇಲೊಂದೋ, ಎದುರು ಬದುರೋ? ಎದುರು ಬದುರಾದರೆ ಎರಡೂ ಒಂದೇ ಅಳತೆಯವೋ? ಗೋಣಿ ಸೊಪ್ಪಿನ ಜೊತೆ ಬೆರೆಯುವ ಇನ್ನೊಂದು ಗಿಡವಿದೆ, ತೆಲುಗಿನಲ್ಲಿ ಗಲಿಜೇರು ಎನ್ನುತ್ತಾರೆ. ಅದರ ಜೋಡಿ ಎಲೆಯಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಗೋಣಿ ಸೊಪ್ಪಿನ ಎಲೆ ಸೌಟಿನ ಆಕಾರದ್ದು, ದಪ್ಪ, ನುಣುಪು. ಹೂವು ಹಳದಿ, ಬೆಳಗಿನ ಬಿಸಿಲಿಗೆ ಮಾತ್ರ ಅರಳುತ್ತದೆ. ಕಾಯಿ ಬಲಿತರೆ ಕರಡಿಗೆಯ ಮುಚ್ಚಳದಂತೆ ಮೇಲಿನ ಭಾಗ ಕಳಚಿ ಕಪ್ಪು ಬೀಜ ಉದುರುತ್ತದೆ.

ನಾಲ್ಕನೆಯದು, ಮುರಿದು ನೋಡಿ, ಮೂಸಿ ನೋಡಿ. ಆದರೆ ಇಲ್ಲೊಂದು ಎಚ್ಚರಿಕೆ. ಹಾಲು ಬಂದದ್ದೆಲ್ಲ ವಿಷ, ಬಾರದ್ದೆಲ್ಲ ಒಳ್ಳೆಯದು ಎಂದು ತಿಳಿಯಬಾರದು. ನಾವು ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹತ್ತರಕಿ ಪಲ್ಯಕ್ಕೂ ಹಾಲಿದೆ. ದತ್ತೂರಿಗೆ ಹಾಲಿಲ್ಲ. ಹಾಲಿನ ಗುರುತು ಗೋಣಿ ಸೊಪ್ಪನ್ನು ಆರಿಸಲು ಮಾತ್ರ. ಒಂದು ಗಿಡಕ್ಕೆ ಹೇಳಿದ ಗುರುತನ್ನು ಇನ್ನೊಂದಕ್ಕೆ ಹಚ್ಚಬಾರದು. ಮುರಿದ ಕೈಯನ್ನು ಕಣ್ಣಿಗೆ ಒರೆಸದೆ ತೊಳೆದುಕೊಳ್ಳಿ.

ಐದನೆಯದು, ಹೂವು ಕಾಯಿ ಬರುವ ತನಕ ಕಾಯಿರಿ. ಸಂಶಯದ ಗಿಡ ಒಂದನ್ನು ಮೂಲೆಯಲ್ಲಿ ಕಡ್ಡಿ ನೆಟ್ಟು ಉಳಿಸಿಕೊಳ್ಳಿ. ಬದನೆ ಮತ್ತು ದತ್ತೂರಿ ಒಂದೇ ಕುಟುಂಬದವು, ಎಳೆಯ ಸಸಿ ಮೋಸ ಮಾಡುತ್ತವೆ. ಬದನೆ ಎಲೆಯ ಹಿಂಬದಿಯಲ್ಲಿ ಕೈಗೆ ಸಿಗುವ ದಟ್ಟ ನವಿರು ಇರುತ್ತದೆ, ದತ್ತೂರಿಯದು ಹೆಚ್ಚು ನುಣುಪು, ತಿಕ್ಕಿದರೆ ಕೆಟ್ಟ ವಾಸನೆ. ಹೂವು ಬಂದಾಗ ಅನುಮಾನವೇ ಉಳಿಯುವುದಿಲ್ಲ, ಉದ್ದನೆಯ ಕಹಳೆ, ಆಮೇಲೆ ಮುಳ್ಳಿನ ಕಾಯಿ. ಇದು ಬರೀ ಹಳ್ಳಿಯ ಮಾತಲ್ಲ. 2022ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಅಂಗಡಿಯ ಪಾಲಕ್ ಸೊಪ್ಪಿನಲ್ಲಿ ದತ್ತೂರಿಯ ಜಾತಿಯ ಎಲೆ ಬೆರೆತು ಹೋಗಿ, ತಿಂದ ಬಹಳ ಜನ ಕಣ್ಣು ಮಂಜಾಗಿ, ಎದೆ ಬಡಿತ ಏರಿ, ಭ್ರಮೆ ಹಿಡಿದು ಆಸ್ಪತ್ರೆ ಸೇರಿದರು. ಯಂತ್ರದಲ್ಲಿ ಕೊಯ್ದು ಚೀಲದಲ್ಲಿ ಮಾರುವ ದೇಶದಲ್ಲೂ ಗುರುತಿಸುವ ಕಣ್ಣು ತಪ್ಪಿದರೆ ಇದೇ ಗತಿ.

ಆರನೆಯದು, ಹೆಸರು ಕೇಳಿ ಬರೆದುಕೊಳ್ಳಿ. ಅವ್ವನನ್ನು, ಅಜ್ಜಿಯನ್ನು, ಕುರಿ ಕಾಯುವವರನ್ನು ಕೇಳಿ. ಆದರೆ ಒಬ್ಬರ ಮಾತಿಗೆ ನಿಲ್ಲಬೇಡಿ. ಒಂದೇ ಹೆಸರನ್ನು ಎರಡು ಗಿಡಕ್ಕೆ ಹೇಳುವುದುಂಟು. ಹಳದಿ ಹೂವಿನ ಮುಳ್ಳು ಗಿಡವನ್ನು ಅರಿಶಿನ ದತ್ತೂರಿ ಎನ್ನುತ್ತೇವೆ, ಅದಕ್ಕೂ ದತ್ತೂರಿಗೂ ಸಂಬಂಧವೇ ಇಲ್ಲ. ಅದು ಗಸಗಸೆಯ ಕುಟುಂಬದ್ದು, ಆರ್ಜಿಮೋನ್ ಮೆಕ್ಸಿಕಾನಾ. ಅದರ ಬೀಜ ಸಾಸಿವೆಯ ಹಾಗೆ ಕಾಣುತ್ತದೆ. ಆ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೇ ಊರಿನ ಹೆಸರಿನ ಜೊತೆಗೆ, ಲಿನೇಯಸ್ ಎಂಬ ಪಂಡಿತ 1753ರ ತನ್ನ ಪುಸ್ತಕದಲ್ಲಿ ನೆಲೆಗೊಳಿಸಿದ ಎರಡು ಪದದ ಹೆಸರೂ ಬೇಕು. ಗೋಣಿ ಸೊಪ್ಪು, ಗಂಗಪಾಯಲ ಎರಡೂ ಒಂದೇ ಎಂದು ತಿಳಿಯಲು ಪೋರ್ಚುಲಾಕಾ ಓಲೆರೇಸಿಯಾ ಎಂಬ ಮೂರನೆಯ ಹೆಸರು ನೆರವಾಗುತ್ತದೆ.

ಏಳನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು. ಗುರುತು ಖಚಿತವಾಗದೆ ಯಾವುದನ್ನೂ ನಾಲಗೆಗೆ ಹಚ್ಚಬೇಡಿ. ಈಗ ಫೋನಿನಲ್ಲಿ ಫೋಟೋ ತೆಗೆದರೆ ಹೆಸರು ಹೇಳುವ ಆಪ್ ಬಂದಿದೆ. ಬಳಸಿ, ನಾನೂ ಬಳಸುತ್ತೇನೆ. ಆದರೆ ಅದು ಹೇಳುವುದು ಇದಿರಬಹುದು ಎಂದು. ಫೋನು ಗಿಡವನ್ನು ಮುರಿದು ನೋಡುವುದಿಲ್ಲ, ಮೂಸುವುದಿಲ್ಲ. ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಗಿಡವನ್ನು ಬೇರು, ಹೂವು ಸಮೇತ ತೆಗೆದುಕೊಂಡು ಹೋಗಿ ಕೇಳಿ. ಅಕಸ್ಮಾತ್ ಯಾರಾದರೂ ಗುರುತಿಲ್ಲದ್ದನ್ನು ತಿಂದು ತೊಂದರೆಯಾದರೆ ಮನೆಮದ್ದು ಮಾಡುತ್ತಾ ಕೂರದೆ ದವಾಖಾನೆಗೆ ಒಯ್ಯಿರಿ, ಆ ಗಿಡದ ತುಂಡನ್ನೂ ಜೊತೆಗೆ ಒಯ್ಯಿರಿ.

ಈ ಕ್ರಮದಲ್ಲಿ ಆ ವರ್ಷದ ಮಕ್ಕಳು ಒಂದು ದಫ್ತರವನ್ನೇ ಮಾಡಿದರು. ಗಿಡವನ್ನು ಹಳೆಯ ಪೇಪರಿನ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ, ದಿನಾ ಪೇಪರು ಬದಲಿಸಿ, ಒಣಗಿದ ಮೇಲೆ ಡ್ರಾಯಿಂಗ್ ಹಾಳೆಗೆ ಅಂಟಿಸಿದರು. ಕೆಳಗೆ ಕನ್ನಡದ ಹೆಸರು, ತೆಲುಗಿನ ಹೆಸರು, ಸಿಕ್ಕ ಜಾಗ, ತಾರೀಖು, ಹೇಳಿದವರು ಯಾರು ಎಂದು ಬರೆದರು. 40ಕ್ಕೂ ಹೆಚ್ಚು ಗಿಡಗಳಾದವು. ಹೇಳಿದವರು ಎಂಬ ಕಡೆ ನೋಡಿದರೆ ಅವ್ವ, ಅಜ್ಜಿ, ಅತ್ತೆ, ದೊಡ್ಡವ್ವ ಎಂದೇ ಇತ್ತು. ಒಂದು ಕಡೆಯೂ ಸಾರ್ ಎಂದು ಇರಲಿಲ್ಲ.

ಇಲ್ಲಿ ಹಿರಿಯರಿಗೆ ಒಂದು ಮಾತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂದು ಕಾಲುವೆ ನೀರು ಹರಿದ ಮೇಲೆ ಈ ಸೀಮೆಯ ಬೆಳೆ ಬದಲಾಯಿತು, ಬೆಳೆಯ ಜೊತೆ ಕಳೆಯೂ ಬದಲಾಯಿತು. ಈಗ ಕಳೆನಾಶಕ ಬಂದಿದೆ. ಕೂಲಿ ಸಿಗುವುದಿಲ್ಲ, ಹೊಡೆಯುತ್ತಾರೆ. ರೈತರನ್ನು ನಾನು ದೂರುವುದಿಲ್ಲ. ಆದರೆ ಔಷಧಿ ಹೊಡೆಯುವವನಿಗೆ ಒಂದೊಂದು ಗಿಡವನ್ನೂ ಗುರುತಿಸುವ ಅಗತ್ಯ ಬೀಳುವುದಿಲ್ಲ. ಕುರ್ಪಿ ಹಿಡಿದು ಕೂತ ತಾಯಿಗೆ ಆ ಅಗತ್ಯವಿತ್ತು. ಅವಳು ಕಸ ತೆಗೆಯುತ್ತಲೇ ಮಡಿಲಲ್ಲಿ ಸಂಜೆಯ ಪಲ್ಯ ಕಟ್ಟಿಕೊಂಡು ಬರುತ್ತಿದ್ದಳು. ಆ ಕೆಲಸ ನಿಂತಂತೆ ಆ ವಿದ್ಯೆಯೂ ನಿಲ್ಲುತ್ತಿದೆ, ಮತ್ತು ಅದನ್ನು ಯಾವ ಪಠ್ಯಪುಸ್ತಕವೂ ಬರೆದುಕೊಂಡಿಲ್ಲ.

ಕಳೆ, ಬೆಳೆ ಎಂಬುದು ಗಿಡದ ಹಣೆಯಲ್ಲಿ ಬರೆದದ್ದಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ಸುಮಾರು 4,000 ವರ್ಷಗಳ ಹಿಂದೆ ಜನ ವಾಸವಾಗಿದ್ದರು. ಅಲ್ಲಿನ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದ ವಿದ್ವಾಂಸರಿಗೆ ಸುಟ್ಟ ಕಾಳುಗಳು ಸಿಕ್ಕಿವೆ. ಹುರುಳಿ, ಹೆಸರು, ಕೊರಲೆ ಇವೆ. ಜೊತೆಗೆ, ಇವತ್ತು ನಾವು ಹೊಲದಲ್ಲಿ ನಡೆದರೆ ಪಂಚೆಗೆ, ಸೀರೆಗೆ ಅಂಟಿಕೊಂಡು ಬೇಸರ ತರಿಸುವ ಅಂಟುತೆನೆಯ ಹುಲ್ಲಿನ ಕಾಳೂ ಇದೆ. ಅವರಿಗೆ ಅದು ಅನ್ನ, ನಮಗೆ ಕಸ. ಹೊರಗಿಂದ ಬಂದದ್ದೆಲ್ಲ ಕಳೆ ಎನ್ನೋಣವೇ? ಕಾಂಗ್ರೆಸ್ ಗಿಡ ಬಂದ ಖಂಡದಿಂದಲೇ ನಮ್ಮ ಮೆಣಸಿನಕಾಯಿ, ಟೊಮ್ಯಾಟೊ ಬಂದವು. ಅಲ್ಲಿಂದಲೇ ಬಂದ ಇನ್ನೊಂದು ಮುಳ್ಳಿನ ಗಿಡಕ್ಕೆ ಕನ್ನಡ ನಾಡೆಲ್ಲ ಬಳ್ಳಾರಿ ಜಾಲಿ ಎಂದು ನಮ್ಮ ಊರಿನ ಹೆಸರನ್ನೇ ಇಟ್ಟುಬಿಟ್ಟಿದೆ!

ಮಕ್ಕಳೆ, ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಿಮ್ಮ ಗ್ರಂಥಾಲಯದಲ್ಲಿದ್ದರೆ ಓದಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ಪುಸ್ತಕ. ವಿದ್ಯಾರ್ಥಿಗಳನ್ನು ಕಾಡು ಮೇಡು ಸುತ್ತಿಸಿ ಗಿಡ ತೋರಿಸಿದ ಮೇಷ್ಟ್ರು ಅವರು. ಆದರೆ ಓದುವ ಮೊದಲು ಇವತ್ತು ಸಂಜೆ ಮನೆಗೆ ಹೋಗುವಾಗ ಬದುವಿನಿಂದ ಗುರುತಿಲ್ಲದ ಒಂದು ಗಿಡ ಕಿತ್ತುಕೊಂಡು ಹೋಗಿ, ಮನೆಯಲ್ಲಿರುವ ಅತಿ ಹಿರಿಯರ ಕೈಗೆ ಕೊಟ್ಟು, ಇದೇನು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ನಾಳೆ ನಿಮ್ಮ ವಿಜ್ಞಾನದ ಮೇಷ್ಟರಿಗೆ ತೋರಿಸಿ. ಆ ಹಳೆಯ ದಫ್ತರ ಗೆದ್ದಲು ತಿಂದು ಹೋಯಿತು ಎಂದು ಕೇಳಿದೆ. ಹೊಸದು ಶುರುವಾಗಲಿ.

ಕೊನೆಗೆ ನನ್ನ ಸಾಲ. ಅವತ್ತು ಬಕೆಟ್ಟಿನ ಪಕ್ಕ ಕೂತ ಹುಡುಗಿ ಇವತ್ತು ಈ ಸಭೆಯಲ್ಲಿದ್ದಾಳೆ. ಅವಳ ಮಗ ಈಗ ಇದೇ ಶಾಲೆಯಲ್ಲಿ ಎಂಟನೆಯ ತರಗತಿ. ಬೆಳಗ್ಗೆ ಭೇಟಿಯಾದಾಗ “ಹೆಸರು ಹೇಳಬ್ಯಾಡ್ರಿ ಸಾರ್” ಎಂದು ಕೇಳಿಕೊಂಡಿದ್ದಾಳೆ, ಹೇಳುವುದಿಲ್ಲ. ಅವತ್ತು ಎಲ್ಲರೆದುರು ನಿನ್ನನ್ನು ನಗೆಗೀಡು ಮಾಡಿದೆ. ನೀನು ಹೇಳಿದ್ದು ಸರಿ ಎಂದು ಎಲ್ಲರೆದುರು ಹೇಳಲಿಲ್ಲ. ಇವತ್ತು ಎಲ್ಲರೆದುರು ಹೇಳುತ್ತಿದ್ದೇನೆ. ಆ ದಿನದ ಪಾಠದಲ್ಲಿ ನೀನು ಪಾಸು ತಾಯಿ, ನಿನ್ನ ಮೇಷ್ಟ್ರು ನಪಾಸು. ತಪ್ಪಾಯಿತು. ನಿಮ್ಮ ಅವ್ವನಿಗೂ ನನ್ನ ನಮಸ್ಕಾರ ಮುಟ್ಟಿಸು.

ಶಾಲೆ ನೂರು ವರ್ಷ ಬಾಳಲಿ, ಹಿಂದಿನ ಕೈತೋಟವೂ ಬಾಳಲಿ.